ರಾಜ್ಯಪಾಲರ ಪಾಠ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ವರ್ಷ 2003. ಎಂಟನೆಯ ತರಗತಿಯ ಹುಡುಗನೊಬ್ಬ ದಿನಪತ್ರಿಕೆಯ ತುಂಡೊಂದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜನೆಗರ್ ಕ್ಯಾಲಿಫೋರ್ನಿಯಾದ ರಾಜ್ಯಪಾಲನಾಗಿ ಗೆದ್ದ ಸುದ್ದಿ ಅದು.

"ಟೀಚರ್, ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುವುದು ಅಂತ ನೀವು ಹೇಳಿದ್ದಲ್ವಾ? ಇಲ್ಲಿ ಓಟಿಗೆ ನಿಂತು ಗೆದ್ದದ್ದು ಅಂತ ಉಂಟು."

"ಪೇಪರಿನವರು ಏನೋ ಬರೆದಿರಬೇಕು. ಪರೀಕ್ಷೆಗೆ ಪುಸ್ತಕದಲ್ಲಿ ಇದ್ದ ಹಾಗೆ ಬರಿ" ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗ ಕಾಗದವನ್ನು ಮೊದಲಿದ್ದಂತೆಯೇ ಮಡಚಿ ಕಿಸೆಗೆ ಹಾಕಿಕೊಂಡ.

ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದಿ ಬಂದ ನನಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಆ ಗವರ್ನರ್ ಒಂದು ಅಧ್ಯಾಯದಲ್ಲಿದ್ದ, ಈ ರಾಜ್ಯಪಾಲ ಇನ್ನೊಂದರಲ್ಲಿ. ಇಬ್ಬರನ್ನೂ ಒಂದೇ ಪುಟದಲ್ಲಿಟ್ಟು ನಾನು ನೋಡಿರಲಿಲ್ಲ. ಬೆಳುವಾಯಿಯ ಮನೆಗೆ ಬಂದು ರಾತ್ರಿ ಹಳೆಯ ನೋಟ್ಸು ತೆಗೆದಾಗ ನಾಚಿಕೆಯಾಯಿತು. ಅಂದಿನಿಂದ ಈ ಪಾಠದ ಮೇಲೆ ನನ್ನದೊಂದು ತಕರಾರು ಉಳಿದುಕೊಂಡಿದೆ.

ಮೊದಲ ತಕರಾರು ಪದದ್ದು. ಅಮೆರಿಕದ ಗವರ್ನರ್ ಆಡಳಿತ ನಡೆಸುವವನು, ಮಸೂದೆಗೆ ತಡೆ ಒಡ್ಡುವವನು. ನಮ್ಮ ಮುಖ್ಯಮಂತ್ರಿಗೇ ಹತ್ತಿರ. ನಮ್ಮ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ಸಹಿ ಹಾಕುವವರು. ಇಬ್ಬರಿಗೂ ಒಂದೇ ಕನ್ನಡ ಪದ ಹಚ್ಚಿದ್ದೇವೆ. ಮಕ್ಕಳು ಗೊಂದಲಗೊಂಡರೆ ತಪ್ಪು ಅವರದಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ ಗವರ್ನರ್ ಚುನಾವಣೆ ಮೊದಲಿನಿಂದಲೂ ಇತ್ತೆಂಬ ಭಾವನೆ ನಮ್ಮ ಪಾಠಗಳಿಂದ ಬರುತ್ತದೆ. ಹಾಗೇನಿಲ್ಲ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲಿ ಆರಂಭದಿಂದಲೇ ಮತದಾರರು ಆರಿಸುತ್ತಿದ್ದರು ನಿಜ; ಆದರೆ ವರ್ಜೀನಿಯಾದಲ್ಲಿ 1851ರವರೆಗೂ ಶಾಸನಸಭೆಯೇ ಆರಿಸುತ್ತಿತ್ತು. ಬ್ರಿಟಿಷ್ ದೊರೆ ಕಳಿಸಿದ ಗವರ್ನರುಗಳ ಕಾಟ ಉಂಡವರಿಗೆ ಆ ಕುರ್ಚಿಯ ಮೇಲೆಯೇ ಗುಮಾನಿ, ಶಾಸನಸಭೆಯ ಮೇಲೆ ನಂಬಿಕೆ. ಆ ನಂಬಿಕೆ ಕೆಟ್ಟದ್ದು ಸಾಲದಿಂದ. ಕಾಲುವೆ, ರೈಲು, ಬ್ಯಾಂಕು ಎಂದು ಹಲವು ರಾಜ್ಯಗಳ ಶಾಸನಸಭೆಗಳು ಮಿತಿಮೀರಿ ಸಾಲ ಎತ್ತಿದವು. 1837ರ ಆರ್ಥಿಕ ಕುಸಿತದ ಬಳಿಕ ಕೆಲವು ರಾಜ್ಯಗಳಿಗೆ ಬಡ್ಡಿ ಕಟ್ಟಲೂ ಆಗಲಿಲ್ಲ. ಜನ ಎಚ್ಚೆತ್ತರು. ನ್ಯೂಯಾರ್ಕ್ 1846ರ ಹೊಸ ಸಂವಿಧಾನದಲ್ಲಿ ಗವರ್ನರ್ ಮಾತ್ರವಲ್ಲ, ರಾಜ್ಯ ಕಾರ್ಯದರ್ಶಿ, ಲೆಕ್ಕಾಧಿಕಾರಿ, ಖಜಾಂಚಿ, ಸರಕಾರಿ ವಕೀಲ, ಕಾಲುವೆಯ ಕಮಿಷನರ್, ಜೈಲಿನ ಇನ್‌ಸ್ಪೆಕ್ಟರ್, ಎಲ್ಲರನ್ನೂ ಓಟಿನ ಪಟ್ಟಿಗೆ ಸೇರಿಸಿತು.

ಫಲವೇನು? ಇಷ್ಟು ಹೆಸರುಗಳಲ್ಲಿ ಯಾರು ಯಾರೆಂದು ಸಾಮಾನ್ಯ ಮತದಾರನಿಗೆ ತಿಳಿಯುವುದು ಹೇಗೆ? ಪಕ್ಷಗಳೇ ಬಣ್ಣದ ಚೀಟಿ ಮುದ್ರಿಸಿ ಕೈಗಿಡುತ್ತಿದ್ದವು. ಅವನು ಅದನ್ನು ಹಾಗೆಯೇ ಪೆಟ್ಟಿಗೆಗೆ ಹಾಕುತ್ತಿದ್ದ. ಸರಕಾರವೇ ಮುದ್ರಿಸಿದ ಗುಪ್ತ ಮತಪತ್ರವನ್ನು ಇಡೀ ರಾಜ್ಯಕ್ಕೆ ತರಲು ಮ್ಯಾಸಚೂಸೆಟ್ಸ್ ಕಾನೂನು ಮಾಡಿದ್ದು 1888ರಲ್ಲಿ. ಶಾಸಕರ ಕೈಯಿಂದ ಕಿತ್ತ ಅಧಿಕಾರ ಜನರ ಹೆಸರಿನಲ್ಲಿ ಪಕ್ಷದ ದಲ್ಲಾಳಿಗಳ ಕೈಸೇರಿತ್ತು. ಹಾಗಾಗಿ ಎಲ್ಲದಕ್ಕೂ ಓಟು ಬೇಕೆನ್ನುವವರ ಜೊತೆ ನಾನಿಲ್ಲ.

ಆದರೆ ನಮ್ಮಲ್ಲಿಯೂ ರಾಜ್ಯಪಾಲರನ್ನು ಜನರೇ ಆರಿಸಬೇಕೆಂದು ಒಮ್ಮೆ ತೀರ್ಮಾನವಾಗಿತ್ತು ಎಂಬುದನ್ನು ಮಕ್ಕಳಿಂದ ಮುಚ್ಚಿಡುವುದೇಕೆ? 1947ರ ಜುಲೈಯಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಪ್ರಾಂತೀಯ ಸಂವಿಧಾನ ಸಮಿತಿಯ ವರದಿ ಸಂವಿಧಾನ ಸಭೆಗೆ ಬಂತು. ವಯಸ್ಕ ಮತದಾನದ ಮೂಲಕ ಗವರ್ನರನ ನೇರ ಆಯ್ಕೆ, ನಾಲ್ಕು ವರ್ಷದ ಅವಧಿ. ಸಭೆ ಒಪ್ಪಿತು. ಆಗ ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಆ ವರ್ಷದ ಕೊನೆಗೆ ಅಮೆರಿಕಕ್ಕೂ ಹೋಗಿ ಅಲ್ಲಿನ ನ್ಯಾಯಾಧೀಶರೊಡನೆ ಮಾತಾಡಿ ಬಂದವರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿಯೇ ಅವರ ಹೆಸರು ಹೇಳುವವರು ಕಡಿಮೆ, ಅದಿರಲಿ.

1949ರ ಮೇ ಕೊನೆಗೆ ತೀರ್ಮಾನ ತಿರುಗಿತು. ಜನರಿಂದ ಗೆದ್ದ ಗವರ್ನರ್ ಮತ್ತು ಜನರಿಂದ ಗೆದ್ದ ಮುಖ್ಯಮಂತ್ರಿ, ಒಂದು ಒರೆಯಲ್ಲಿ ಎರಡು ಕತ್ತಿ ಆದಾವೆಂಬ ಭಯ. ಪ್ರಾಂತೀಯ ಮನೋಭಾವ ಹೆಚ್ಚೀತೆಂದು ನೆಹರೂ ಅವರ ಅಳುಕು. ಅಧಿಕಾರವೇ ಇಲ್ಲದ ಅಲಂಕಾರದ ಹುದ್ದೆಗೆ ಚುನಾವಣೆ ಬೇಕೇ ಎಂಬುದು ಅಂಬೇಡ್ಕರರ ವಾದ. ದೇಶ ಒಡೆದು ಎರಡು ವರ್ಷವಾಗಿದ್ದ ಆ ಹೊತ್ತಿನಲ್ಲಿ ಇವು ಸಣ್ಣ ಮಾತುಗಳಲ್ಲ. ಮೊದಲೆರಡನ್ನು ನಾನು ಇಂದಿಗೂ ಒಪ್ಪುತ್ತೇನೆ. ಮೂರನೆಯದನ್ನು ಒಪ್ಪಲಾರೆ, ಅದಕ್ಕೆ ಕಾರಣ ನನ್ನ ಕಾಲೇಜು ದಿನಗಳ ಒಂದು ವರ್ಷ.

1989ರ ಏಪ್ರಿಲ್. ಶಾಸಕರು ಬೆಂಬಲ ಹಿಂದಕ್ಕೆ ಪಡೆದ ಪತ್ರಗಳನ್ನು ಹಿಡಿದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ದೆಹಲಿಗೆ ವರದಿ ಕಳಿಸಿದರು. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. ಸರಕಾರ ವಜಾ ಆಯಿತು. ಅಲಂಕಾರದ ಕುರ್ಚಿ ಎಷ್ಟು ಭಾರವಾಗಬಲ್ಲದೆಂದು ಅಂದು ನೋಡಿದೆವು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1994ರ ಮಾರ್ಚಿನಲ್ಲಿ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಅದೇ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನವೆಂಬರಿನ ಚುನಾವಣೆಯಲ್ಲಿ ನನ್ನ ಮೊದಲ ಓಟು. ತವರು ಕಾರ್ಕಳದ ಕಡೆ. ಅಮ್ಮನ ಜೊತೆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದೆ. ಆ ಒಂದು ಓಟಿಗೆ ನಾನು ಕಂಡ ಮುಖ್ಯಮಂತ್ರಿಗಳು ಮೂವರು: ವೀರೇಂದ್ರ ಪಾಟೀಲ, 1990ರಲ್ಲಿ ಬಂಗಾರಪ್ಪ, 1992ರಲ್ಲಿ ವೀರಪ್ಪ ಮೊಯಿಲಿ. ಕೊನೆಯವರು ನಮ್ಮ ಕಾರ್ಕಳದ ಶಾಸಕರೇ. ಊರಿನಲ್ಲಿ ಸಂಭ್ರಮವೋ ಸಂಭ್ರಮ. "ನಾವು ಮುಖ್ಯಮಂತ್ರಿಗೆ ಓಟು ಹಾಕಿದ್ದಾ?" ಎಂದು ಅಮ್ಮ ಕೇಳಿದರು. ಶಾಸಕರಿಗೆ ಹಾಕಿದ್ದು ಎಂದೆ. "ಹಾಗಾದರೆ ಮುಖ್ಯಮಂತ್ರಿಗೆ ಯಾರು ಹಾಕಿದ್ದು?" ಎಂದರು. ಪೌರನೀತಿಯ ಪಾಠವೆಲ್ಲ ಆ ಎರಡು ಪ್ರಶ್ನೆಗಳಲ್ಲಿತ್ತು.

ಇನ್ನೊಂದು ವಿಷಯ ಓದಿ ಖುಷಿಪಟ್ಟಿದ್ದೇನೆ, ಹೇಳದೆ ಇರಲಾರೆ. ಉತ್ತರ ಡಕೋಟದಲ್ಲಿ ರಾಜ್ಯದ ಶಿಕ್ಷಣಾಧಿಕಾರಿಯನ್ನೂ ಜನರೇ ಆರಿಸುತ್ತಿದ್ದರು. 1892ರಲ್ಲಿ ಆ ಹುದ್ದೆಗೆ ಲಾರಾ ಐಸೆನ್‌ಹುತ್ ಎಂಬಾಕೆ ಗೆದ್ದಳು. ಟೀಚರು! ಅಮೆರಿಕದಲ್ಲಿ ರಾಜ್ಯಮಟ್ಟದ ಆಡಳಿತ ಹುದ್ದೆಗೆ ಚುನಾಯಿತಳಾದ ಮೊದಲ ಹೆಂಗಸು ಅವಳೇ. ಆಗ ಅಲ್ಲಿನ ಹೆಂಗಸರಿಗೆ ಗವರ್ನರ್ ಚುನಾವಣೆಯಲ್ಲಿ ಓಟಿಲ್ಲ. 1894ರಲ್ಲಿ ಅವಳನ್ನು ಸೋಲಿಸಿದ್ದು ಎಮ್ಮಾ ಬೇಟ್ಸ್, ಅವಳೂ ಹೆಂಗಸೇ. ಉದ್ದದ ಪಟ್ಟಿಯನ್ನು ನಾನು ಎಷ್ಟೇ ಬಯ್ದರೂ, ಆ ಪಟ್ಟಿಯ ತುದಿಯಲ್ಲಿ ಎಲ್ಲೋ ಒಂದು ಸಾಲು ಇದ್ದುದರಿಂದ ತಾನೇ ಅವಳು ಒಳಗೆ ಬಂದದ್ದು? ನೇಮಕ ಮಾಡುವ ಗಂಡಸರು ಅವಳನ್ನು ಕರೆಯುತ್ತಿದ್ದರೇ? ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪಿಕೊಳ್ಳುತ್ತೇನೆ.

ಈಗ ನಾನು ಈ ಪಾಠಕ್ಕೆ ಎರಡು ಪೀರಿಯಡ್ ತೆಗೆದುಕೊಳ್ಳುತ್ತೇನೆ. 1947, 1949, 1989, 1994 ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಸಿಲೆಬಸ್ ಮುಗಿಯುವುದಿಲ್ಲವೆಂದು ಆಕ್ಷೇಪ ಉಂಟು. ಕಳೆದ ಸಲದ ಕಿರುಪರೀಕ್ಷೆಯಲ್ಲಿ, ರಾಜ್ಯಪಾಲರನ್ನು ನೇಮಿಸುವವರು ಯಾರು ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು "ರಾಷ್ಟ್ರಪತಿ, ಮೊದಲು ಜನರೇ ಆರಿಸುವುದು ಎಂದಿತ್ತು, ಆಮೇಲೆ ಬೇಡ ಎಂದರು" ಎಂದು ಬರೆದಿದ್ದಳು. ಪ್ರಶ್ನೆಗೆ ಇದ್ದದ್ದು ಒಂದೇ ಅಂಕ. ಒಂದನ್ನೇ ಕೊಟ್ಟೆ.