ಗೃಹಸಂಸ್ಕಾರ ಮತ್ತು ಪ್ರವಾಸದ ಛಾಯಾಚಿತ್ರ: ಕೃಷ್ಣಾನಂದ ಕಾಮತರನ್ನು ಕುರಿತು

ಕಲೆಗಾರನ ಅಭಿರುಚಿಗೆ ಅವನ ಮನೆತನವೇ ಮೂಲವೆಂದು ಹೇಳುವುದು ಜೀವನಚರಿತ್ರಕಾರರ ರೂಢಿ. ಇತಿಹಾಸದ ವಿದ್ಯಾರ್ಥಿಯು ಈ ಮಾತನ್ನು ಸುಲಭವಾಗಿ ಒಪ್ಪಲಾರನು. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನು ಕ್ಯಾಮರಾ ಹಿಡಿದು ಊರೂರು ಅಲೆದರೆ, ಇನ್ನೊಬ್ಬನು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಕದಲುವುದಿಲ್ಲ. ಆದರೂ ಡಾ. ಕೃಷ್ಣಾನಂದ ಕಾಮತರ (1934–2002) ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತುವುದು ಉಚಿತವಾಗಿದೆ.

ಕಾಮತರು ಹುಟ್ಟಿದುದು ಹೊನ್ನಾವರದಲ್ಲಿ, ಉನ್ನತ ವ್ಯಾಸಂಗ ಮಾಡಿದುದು ಅಮೆರಿಕದಲ್ಲಿ, ನೆಲೆಸಿದುದು ಬೆಂಗಳೂರಿನಲ್ಲಿ. ಅವರ ಪ್ರವಾಸಗ್ರಂಥದ ಹೆಸರು ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂದಿದೆ. ಇದರಲ್ಲಿ ‘ನಾನೂ’ ಎಂಬ ಪದವು ಗಮನಾರ್ಹವಾದುದು. ಹಿಂತಿರುಗಿ ಬಂದು ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡುವವನ ದನಿ ಅದು. ಆದರೆ ಬಲವಾದ ಸಾಕ್ಷ್ಯವು ದೊರೆಯುವುದು ಅವರ ಕಾವಿಕಲೆಯ ಅಧ್ಯಯನದಲ್ಲಿ. ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿಯನ್ನು ಬಳಿದು, ಅದು ಒಣಗುವ ಮೊದಲೇ ಕೆರೆದು ಒಳಗಿನ ಬಿಳುಪನ್ನು ಹೊರತೋರಿಸುವ ಈ ಕಲೆ ಗೋವೆ ಮತ್ತು ಉತ್ತರ ಕನ್ನಡದ ದೇವಾಲಯಗಳದು. ಜೀರ್ಣೋದ್ಧಾರದ ಹೆಸರಿನಲ್ಲಿ ಇಂತಹ ಗೋಡೆಗಳು ಅಳಿಯುತ್ತಿದ್ದಾಗ ಕಾಮತರು ಅವನ್ನು ಚಿತ್ರಿಸಿಟ್ಟರು. ದೂರದ ದೇಶವನ್ನು ಕಂಡು ಬಂದ ಕಣ್ಣು ತನ್ನ ಕರಾವಳಿಯ ಗೋಡೆಯನ್ನು ಹುಡುಕಿಕೊಂಡು ಹೋಯಿತು. ಕಾವಿಯ ಬಣ್ಣ ಬಾಲ್ಯದಿಂದಲೇ ಆ ಕಣ್ಣಿನಲ್ಲಿ ನೆಲೆಸಿತ್ತೆಂದು ಊಹಿಸುವುದರಲ್ಲಿ ತಪ್ಪೇನಿದೆ?

ಹುಟ್ಟಿದ ಮನೆಯಷ್ಟೇ ಕಟ್ಟಿಕೊಂಡ ಮನೆಯೂ ಇಲ್ಲಿ ಮುಖ್ಯವಾಗಿದೆ. ಪತ್ನಿ ಡಾ. ಜ್ಯೋತ್ಸ್ನಾ ಕಾಮತರು (1937–2022) ಮಧ್ಯಕಾಲೀನ ಕರ್ನಾಟಕದ ಸಾಮಾಜಿಕ ಜೀವನವನ್ನು ಸಂಶೋಧಿಸಿದವರು, ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದವರು. ಕಾಮತರ ‘ಪ್ರೇಯಸಿಗೆ ಪತ್ರಗಳು’ ಈಕೆಯನ್ನು ಉದ್ದೇಶಿಸಿದುವು. ಒಡವೆ, ಹಚ್ಚೆ, ಪಾತ್ರೆಪಗಡಗಳಂತಹ ದಿನಬಳಕೆಯ ವಿಷಯಗಳನ್ನು ಅವರ ಕ್ಯಾಮರಾ ಹುಡುಕುತ್ತಿದ್ದುದಕ್ಕೆ, ಅವನ್ನು ಓದಬಲ್ಲವರು ಮನೆಯಲ್ಲಿಯೇ ಇದ್ದುದು ಕಾರಣವಿರಬೇಕು. ಮುಂದೆ ಮಗನು ಈ ಚಿತ್ರಗಳನ್ನು ಅಂತರ್ಜಾಲದಲ್ಲಿ ಸಂಗ್ರಹಿಸಿಟ್ಟುದು ಅದೇ ಸಂಸ್ಕಾರದ ಮುಂದುವರಿಕೆ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಕರಾವಳಿಯ ಗುಡಿಯಲ್ಲಿ ಛಾಯಾಗ್ರಾಹಕನು ಮನೆಯವನು. ಬಸ್ತರದ ಗುಡಿಸಲಿನಲ್ಲಿ ಅತಿಥಿ. ಮನೆಯವನ ಸಲಿಗೆ ಅಲ್ಲಿ ಸಲ್ಲದು. ಯಾರ ಮನೆ, ಯಾವ ವರ್ಷ, ಚಿತ್ರದಲ್ಲಿರುವವಳ ಹೆಸರೇನು ಎಂಬುದು ತಿಳಿಯದಿದ್ದರೆ, ಎಷ್ಟೇ ಸುಂದರವಾದ ಚಿತ್ರವೂ ಇತಿಹಾಸಕಾರನಿಗೆ ಅರ್ಧ ದಾಖಲೆ ಮಾತ್ರ. ಪ್ರವಾಸದ ಛಾಯಾಚಿತ್ರಗಳ ವಿಮರ್ಶೆಯಲ್ಲಿ ನಾವು ಬೆಳಕು ನೆರಳುಗಳನ್ನು ಹೊಗಳುತ್ತಾ ಈ ಪ್ರಶ್ನೆಯನ್ನು ಮರೆತಿದ್ದೇವೆ.

ನಾನು ಪಾಠ ಹೇಳುವ ಪೀಣ್ಯದ ಕಡೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ತಂದೆಯರು ಕಾರ್ಖಾನೆಯ ಕೆಲಸಕ್ಕಾಗಿ ಬೇರೆ ಜಿಲ್ಲೆಗಳಿಂದ ಬಂದವರು. ಜಾತ್ರೆಗೆ ಊರಿಗೆ ಹೋದ ಮಕ್ಕಳು ಮೊಬೈಲಿನ ತುಂಬ ಚಿತ್ರಗಳನ್ನು ತರುತ್ತಾರೆ. ಅವನ್ನು ಮನೆಯಲ್ಲಿ ಯಾರಿಗೆ ತೋರಿಸಿದಿರೆಂದು ಒಮ್ಮೆ ತರಗತಿಯಲ್ಲಿ ಕೇಳಿದೆನು. ಒಬ್ಬ ವಿದ್ಯಾರ್ಥಿನಿಯು ಅಜ್ಜಿಗೆ ತೋರಿಸಿದ್ದಳು; ತೇರು ಎಳೆಯುವವರನ್ನು ಅಜ್ಜಿ ಒಬ್ಬೊಬ್ಬರಾಗಿ ಗುರುತಿಸಿ ಹೆಸರು ಹೇಳಿದ್ದಳು. ಹುಡುಗಿ ಆ ಹೆಸರುಗಳನ್ನು ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಳು.