ಮೂಲೆ ಕೇಳುವ ಹಾರ್ನು

ಹಾರ್ನು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜಾತ್ರೆಯ ಮೈಕ್‌ಸೆಟ್ಟು. ಲೈಟುಕಂಬಕ್ಕೆ ತಂತಿಯಿಂದ ಬಿಗಿದ ಬೂದುಬಣ್ಣದ ಹಾರ್ನು, ಬೆಳಗಿನ ಜಾವಕ್ಕೇ ಕಿವಿಗೆ ರಾಚುವ ಭಕ್ತಿಗೀತೆ. ಅಂಥದೊಂದನ್ನು ಮನೆಯೊಳಗೆ ಇಟ್ಟುಕೊಂಡು ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುವವರಿದ್ದಾರೆ ಎಂದರೆ ಹಲವರು ನಂಬುವುದಿಲ್ಲ. ಆದರೆ ಜಗತ್ತಿನ ಹೆಸರಾಂತ ಮನೆ ಸ್ಪೀಕರುಗಳಲ್ಲಿ ಒಂದಾದ ಕ್ಲಿಪ್ಶ್‌ಹಾರ್ನಿನಲ್ಲಿ, ಗಾಯಕರ ದನಿ ಹೊರಡುವ ನಡುಭಾಗದಲ್ಲಿ, ಬಹುಕಾಲ ಕೂತಿದ್ದದ್ದು ಅದೇ ಕುಲದ ಡ್ರೈವರು, ಎಂದರೆ ದನಿ ಹುಟ್ಟಿಸುವ ಘಟಕ. ಕೆ-55-ವಿ ಎಂಬ ಹೆಸರಿನ ಆ ಘಟಕವನ್ನು ಮಾಡಿಕೊಡುತ್ತಿದ್ದದ್ದು ಅಟ್ಲಾಸ್ ಎಂಬ, ರೈಲು ನಿಲ್ದಾಣ, ಕಾರ್ಖಾನೆಗಳ ಪ್ರಕಟಣೆಗೆ ಧ್ವನಿವರ್ಧಕ ತಯಾರಿಸುವ ಕಂಪನಿ.

ಹಾಗಿದ್ದರೆ ಕಂಬದ ಮೇಲಿನದು ಕಿರುಚುವುದೇಕೆ, ಮನೆಯೊಳಗಿನದು ಹಾಡುವುದೇಕೆ? ಕಂಬದ ಹಾರ್ನು ಚಿಕ್ಕದು. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನ ಸ್ವರ ಅದರಿಂದ ಹೊರಡುವುದೇ ಇಲ್ಲ. ಮೇಲಿನ ಸ್ವರಗಳನ್ನೂ ಅದೊಂದೇ ಹೊರಬೇಕು. ಅದರ ಹಿಂದೆ ಆಂಪ್ಲಿಫೈಯರನ್ನು ಒಡೆದ ದನಿ ಬರುವವರೆಗೂ ಏರಿಸಿರುತ್ತಾರೆ. ಕ್ಲಿಪ್ಶ್‌ಹಾರ್ನಿನಲ್ಲಿ ಇಂಥದೇ ಡ್ರೈವರಿಗೆ 400ರಿಂದ 6000 ಹರ್ಟ್ಸ್‌ವರೆಗಿನ ಕೆಲಸ ಮಾತ್ರ. ಮನೆಯಲ್ಲಿ ಕೂತು ಕೇಳುವ ಮಟ್ಟಕ್ಕೆ ಒಂದು ವ್ಯಾಟಿನ ಸಣ್ಣ ಪಾಲು ಸಾಕಾಗುವುದರಿಂದ ಅದು ಎಂದೂ ಏದುಸಿರು ಬಿಡುವುದಿಲ್ಲ. ಹಳೆಯ ಹಾರ್ನುಗಳನ್ನು ಮೆಚ್ಚುವುದಕ್ಕೂ ರಿಪೇರಿ ಮಾಡುವುದಕ್ಕೂ ಸುಧಾರಿಸುವುದಕ್ಕೂ, ಡ್ರೈವರಿಗೆ ದುಡಿಮೆ ಕಡಿಮೆಯಿರಬೇಕು ಎಂಬ ಈ ಒಂದು ಸಂಗತಿಯನ್ನು ಕೈಬಿಡದೆ ಹಿಡಿದುಕೊಂಡಿರಬೇಕು ಎಂಬುದು ನನ್ನ ವಾದ.

ಪಾಲ್ ವಿಲ್ಬರ್ ಕ್ಲಿಪ್ಶ್ (1904–2002) ಅದನ್ನೇ ಜೀವನವಿಡೀ ಹಿಡಿದುಕೊಂಡಿದ್ದ ಎಂಜಿನಿಯರ್. ಚಿಲಿ ದೇಶದಲ್ಲಿ ವಿದ್ಯುತ್ ರೈಲು ಎಂಜಿನ್ನುಗಳನ್ನು ನೋಡಿಕೊಂಡವರು, ಭೂಗರ್ಭ ಶೋಧನೆಯಲ್ಲಿ ದುಡಿದವರು, ಎರಡನೇ ಮಹಾಯುದ್ಧದ ಹೊತ್ತಿಗೆ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಸೇನೆಯ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತವರು. 1946ರಲ್ಲಿ ಆ ಊರಿನ ಒಂದು ತಗಡಿನ ಶೆಡ್ಡಿನಲ್ಲಿ ಕಂಪನಿ ಶುರುಮಾಡಿದರು. ಹೊಲದ ಆಚೆ ಬದಿಯಲ್ಲಿರುವವರನ್ನು ಕೂಗುವಾಗ ಬಾಯಿಗೆ ಎರಡೂ ಕೈ ಹಿಡಿದುಕೊಳ್ಳುತ್ತೇವಲ್ಲ, ಹಾರ್ನಿನ ಕೆಲಸವೂ ಅದೇ. ಸಣ್ಣ ಪೊರೆಯ ಅಲುಗಾಟವನ್ನು ಅದು ಕೋಣೆಯ ಗಾಳಿಗೆ ಪೋಲಾಗದಂತೆ ದಾಟಿಸುತ್ತದೆ. ಕಷ್ಟ ಬರುವುದು ಕೆಳಸ್ವರಕ್ಕೆ. 40 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದವೇ ಸುಮಾರು 28 ಅಡಿ. ಅದಕ್ಕೆ ತಕ್ಕ ನೇರ ಹಾರ್ನು ಕಟ್ಟಿದರೆ ಮನೆಯಲ್ಲಿ ಜನಕ್ಕೆ ಜಾಗ ಉಳಿಯುವುದಿಲ್ಲ. ಕ್ಲಿಪ್ಶ್ ಹಾರ್ನನ್ನು ಮರದ ಪೆಟ್ಟಿಗೆಯೊಳಗೆ ಮಡಿಸಿದರು, ಕೊನೆಯ ಭಾಗವನ್ನು ಕಟ್ಟದೆಯೇ ಬಿಟ್ಟರು. ಎರಡು ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಸ್ಪೀಕರನ್ನು ಒತ್ತಿ ಇಟ್ಟರೆ ಆ ಗೋಡೆಗಳೇ ಹಾರ್ನಿನ ಮುಂದುವರಿಕೆಯಾಗುತ್ತವೆ. ಮನೆಯ ಗಾರೆಯನ್ನೇ ವಾದ್ಯದ ಒಂದು ಅಂಗ ಮಾಡಿಕೊಂಡ ಈ ಯೋಚನೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇದರ ಫಲ ಅಂಕಿಯಲ್ಲಿ ಹೀಗಿದೆ. ಸಾಮಾನ್ಯ ಪೆಟ್ಟಿಗೆ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಆಸುಪಾಸು ಕೊಟ್ಟರೆ ಕ್ಲಿಪ್ಶ್‌ಹಾರ್ನಿಗೆ ಕಂಪನಿ ಹೇಳುವ ಅಂಕಿ 104ರ ಆಚೀಚೆ. ಮೂಲೆಯ ಬೆಂಬಲವೂ ಸೇರಿದ ಲೆಕ್ಕ ಅದು. ಈ 18 ಡೆಸಿಬಲ್ ವ್ಯತ್ಯಾಸ ಎಂದರೆ ಅರವತ್ತು ಪಟ್ಟಿಗೂ ಮಿಕ್ಕಿದ ಶಕ್ತಿ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಎಂಬ ಪುಟ್ಟ ಮುಚ್ಚಿದ ಪೆಟ್ಟಿಗೆಯಿಂದ ಆಳವಾದ ಬಾಸ್ ತೆಗೆದು ತೋರಿಸಿದ ಮೇಲೆ, ಟ್ರಾನ್ಸಿಸ್ಟರ್ ಬಂದು ವ್ಯಾಟುಗಳು ಅಗ್ಗವಾದ ಮೇಲೆ, ಲೋಕವೆಲ್ಲ ಸಣ್ಣ ಪೆಟ್ಟಿಗೆಯ ಕಡೆ ಹೊರಳಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಸೌಕರ್ಯಕ್ಕೆ ಒಂದು ಬೆಲೆ ತೆರಬೇಕಾಯಿತು. ಸಣ್ಣ ಪೆಟ್ಟಿಗೆಯ ಕೋನು, ಎಂದರೆ ಅದರ ಅಲುಗುವ ಪೊರೆ, ಜೋರು ಸದ್ದಿಗೆ ತುಂಬ ದೂರ ಮುಂದೆ ಹಿಂದೆ ಓಡಬೇಕು. ಹಾಗೆ ಓಡುತ್ತಲೇ ಮೇಲಿನ ಸ್ವರವನ್ನೂ ನುಡಿಸಬೇಕಾದಾಗ ಒಂದು ಇನ್ನೊಂದನ್ನು ಕಲಕುತ್ತದೆ. ಹಾರ್ನಿನ ಕೋನು ಅಲುಗಿದ್ದೇ ಕಾಣುವುದಿಲ್ಲ.

ಇದು ಕಿವಿಗೆ ಹೇಗೆ ಗೊತ್ತಾಗುತ್ತದೆ ಎಂದರೆ ಮೃದಂಗದಲ್ಲಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಾವನವರ ಮನೆಯ ನೆಲಮಾಳಿಗೆಯಲ್ಲಿ 1970ರ ದಶಕದ ಒಂದು ಜೊತೆ ಕ್ಲಿಪ್ಶ್‌ಹಾರ್ನ್ ಇದೆ. ಅಲ್ಲಿ ಒಂದು ಕಚೇರಿಯ ಧ್ವನಿಮುದ್ರಣ ಹಾಕಿದಾಗ ಎಡಗೈಯ ಗುಮ್ಕಿ ಕೆಳಗೆ ಜಾರುತ್ತಿರುವಾಗಲೇ ಬಲಗೈಯ ಚಾಪು ತನ್ನ ಅಂಚನ್ನು ಕಳೆದುಕೊಳ್ಳದೆ ಸಿಡಿಯಿತು. ಎರಡರ ನಡುವೆ ಗಾಯಕಿಯ ದನಿ ಒಂದಿಷ್ಟೂ ನಡುಗಲಿಲ್ಲ. ವಾಲ್ಯೂಮ್ ತಗ್ಗಿಸಿದರೂ ಆ ಜೀವಂತಿಕೆ ಹಾಗೇ ಉಳಿಯಿತು. ಹಾರ್ನಿನ ನಿಜವಾದ ಹಿರಿಮೆ ಜೋರಾಗಿ ಕೂಗುವುದರಲ್ಲಿಲ್ಲ, ಮೆಲುದನಿಯಲ್ಲೂ ಪೆಟ್ಟಿನ ಮತ್ತು ಒತ್ತಿನ ವ್ಯತ್ಯಾಸವನ್ನು ಉಳಿಸುವುದರಲ್ಲಿದೆ. ಅದೇ ಸ್ಪೀಕರು ತಂಬೂರಿಯ ವಿಷಯದಲ್ಲಿ ಸೋಲುತ್ತದೆ, ಅದನ್ನೂ ಹೇಳಲೇಬೇಕು. ಜವಾರಿಯ ಝೇಂಕಾರ ಹರಡಿಕೊಂಡು ಕೋಣೆ ತುಂಬಬೇಕಾದಲ್ಲಿ ತುಸು ಮೂಗಿನಿಂದ ಬಂದ ಹಾಗೆ, ಒಂದು ಕಿಟಕಿಯಿಂದ ಬಂದ ಹಾಗೆ ಕೇಳುತ್ತದೆ. ಕುರ್ಚಿ ಬಿಟ್ಟು ಎದ್ದು ನಿಂತರೆ ಬಣ್ಣ ಬದಲಾಗುತ್ತದೆ.

ಇನ್ನು ಸುಧಾರಣೆಯ ಮಾತು. ಹಳೆಯ ಹಾರ್ನು ಕೊಂಡವರಲ್ಲಿ ಎರಡು ಪಂಗಡ. ಒಂದು ಸ್ಕ್ರೂ ಕೂಡ ಬದಲಿಸಬಾರದೆನ್ನುವವರದು, ಇನ್ನೊಂದು ಮರದ ಪೆಟ್ಟಿಗೆ ಬಿಟ್ಟು ಎಲ್ಲವನ್ನೂ ಕಿತ್ತು ಹಾಕುವವರದು. ಮೊದಲನೆಯವರಿಗೆ ನನ್ನ ಉತ್ತರ ಸರಳ: ಕ್ಲಿಪ್ಶ್ ಸ್ವತಃ ತಮ್ಮ ಸ್ಪೀಕರನ್ನು ಬದಲಿಸುತ್ತಲೇ ಇದ್ದರು. ಸ್ವರಗಳನ್ನು ಡ್ರೈವರುಗಳಿಗೆ ಹಂಚಿಕೊಡುವ ಕ್ರಾಸ್‌ಓವರು ಟೈಪ್ ಎ, ಎಎ ಎಂದು ಬದಲಾಗುತ್ತ ಬಂತು. ಮಧ್ಯದ ಲೋಹದ ಹಾರ್ನಿನ ಜಾಗಕ್ಕೆ ಮುಂದೆ ಪ್ಲಾಸ್ಟಿಕ್ಕಿನದು ಬಂತು. ಅವರು ಕಂಪನಿಯ ಎಂಜಿನಿಯರ್ ರಾಯ್ ಡೆಲ್ಗಾಡೊ ಜೊತೆ ಕಡೆಗಾಲದಲ್ಲಿ ರೂಪಿಸಿದ ಜುಬಿಲಿ ಸ್ಪೀಕರಿನ ಮನೆ ಆವೃತ್ತಿ 2022ರಲ್ಲಿ ಬಂದಾಗ ಅದರೊಂದಿಗೆ ಡಿಜಿಟಲ್ ಕ್ರಾಸ್‌ಓವರೇ ಇತ್ತು. ಹಾಗಾಗಿ ಮೂಲ ಬಿಡಿಭಾಗ ಎಂಬುದಕ್ಕೆ ಪೂಜೆ ಸಲ್ಲಿಸಬೇಕಿಲ್ಲ. ಎರಡನೆಯವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ನೀವು ಮಾಡುವ ಬದಲಾವಣೆಯಿಂದ ಪೊರೆಗಳ ದುಡಿಮೆ ಕಡಿಮೆಯಾಗುತ್ತದೆಯೇ, ಗಾಳಿಯೊಂದಿಗಿನ ಹಿಡಿತ ಬಿಗಿಯಾಗುತ್ತದೆಯೇ? ಆಗುವುದಾದರೆ ಮಾಡಿ, ಇಲ್ಲವಾದರೆ ದುಡ್ಡು ಉಳಿಸಿಕೊಳ್ಳಿ.

ಈ ಪರೀಕ್ಷೆಯಲ್ಲಿ ಮೊದಲು ಗೆಲ್ಲುವುದು ಕೆಪಾಸಿಟರ್ ಬದಲಾವಣೆ. ಭಾವ ಒಂದು ಸಂಜೆ ಕ್ರಾಸ್‌ಓವರಿನ ಹಲಗೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲೆ ಇರುವುದೇ ಕೆಲವೇ ವಸ್ತು. ಕೆಳಸ್ವರದ ವೂಫರಿಗೆ ತಂತಿಯ ಒಂದು ಸುರುಳಿ, ಮಧ್ಯದ ಡ್ರೈವರಿಗೆ 13 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಮೇಲಿನ ಸ್ವರದ ಟ್ವೀಟರಿಗೆ 2ರದ್ದು, ಮಧ್ಯದ ಮಟ್ಟ ತಗ್ಗಿಸಲು ಒಂದು ಆಟೋಟ್ರಾನ್ಸ್‌ಫಾರ್ಮರ್. ಎಎ ಆದರೆ ಟ್ವೀಟರಿನ ಕಾವಲಿಗೆ ಝೀನರ್ ಡಯೋಡ್ ಇತ್ಯಾದಿ. ಆ ಕೆಪಾಸಿಟರುಗಳು ಎಣ್ಣೆ ತುಂಬಿದ ಚೌಕಾಕಾರದ ತಗಡಿನ ಡಬ್ಬಿಗಳು. ಮೀಟರು ಹಿಡಿದರೆ ಮೌಲ್ಯ ಸರಿಯಾಗಿಯೇ ತೋರಿಸಬಹುದು, ಆದರೆ ವಯಸ್ಸಾದಂತೆ ಒಳಗಿನ ರೋಧ ಏರಿ ಮೇಲಿನ ಸ್ವರಗಳು ಮಂಕಾಗಿರುತ್ತವೆ. ಹಳೆಯ ಬೆಸುಗೆ ಬಿಡಿಸಿ ಅದೇ ಮೌಲ್ಯದ ಪಾಲಿಪ್ರೊಪಿಲೀನ್ ಕೆಪಾಸಿಟರ್ ಕೂರಿಸಿದ ಮೇಲೆ ತಾಳದ ಕಂಚಿನ ಬಾಲ ಮರಳಿ ಬಂತು. ಇದು ಸುಧಾರಣೆಯಲ್ಲ, ಕಳೆದುಕೊಂಡದ್ದನ್ನು ವಾಪಸು ಪಡೆದದ್ದು. ಆದ್ದರಿಂದಲೇ ಬೆಳ್ಳಿ ಹಾಳೆಯ, ಸ್ಪೀಕರಿನಷ್ಟೇ ಬೆಲೆಯ ಕೆಪಾಸಿಟರುಗಳಿಗೆ ಆ ಶ್ರೇಯಸ್ಸು ಕೊಡುವುದು ಸರಿಯಲ್ಲ. ಒಂದು ಎಚ್ಚರಿಕೆ: ಅಮೆರಿಕದಲ್ಲಿ 1979ರಲ್ಲಿ ನಿಷೇಧವಾಗುವವರೆಗೆ ಇಂಥ ಡಬ್ಬಿಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಬಳಸುತ್ತಿದ್ದುದುಂಟು. ಉಬ್ಬಿದ, ಜಿಡ್ಡು ಒಸರುವ ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಲಂತೂ ಹೋಗಬೇಡಿ.

ಎರಡನೆಯದು ಇನ್ನೂ ಅಗ್ಗ, ಇನ್ನೂ ದೊಡ್ಡದು. ಕ್ಲಿಪ್ಶ್‌ಹಾರ್ನಿನ ಬೆನ್ನು ಗೋಡೆಗೆ ತಾಗುವಲ್ಲಿ ಒಂದು ಬೆರಳು ತೂರುವಷ್ಟು ಸಂದಿ ಇದ್ದರೂ ಬಾಸ್ ಸೋರಿಹೋಗುತ್ತದೆ. ನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಹಿಂಬದಿಯ ಹಲಗೆಯ ಅಂಚಿಗೆ ಸಿಕ್ಕಿಸಿ ಗೋಡೆಗೆ ಒತ್ತಿದರೆ ಸಾಕು. ಗುಮ್ಕಿಗೆ ಮೈ ಬರುತ್ತದೆ. ಇತ್ತೀಚಿನ ಆವೃತ್ತಿಯಲ್ಲಿ ಕಂಪನಿಯೇ ಬೆನ್ನನ್ನು ಮುಚ್ಚಿ, ಮೂಲೆಗೆ ಅಂಟಿಕೊಂಡೇ ಇರಬೇಕಾದ ಕಟ್ಟುಪಾಡನ್ನು ಸಡಿಲಿಸಿದೆ. ಹಳೆಯದಕ್ಕೆ ಮಾತ್ರ ಮೂಲೆಯೂ ಬೇಕು, ಮೂಲೆಯ ಎರಡೂ ಕಡೆ ಕೆಲವು ಅಡಿ ಬರಿಯ ಗೋಡೆಯೂ ಬೇಕು.

ಲೋಹದ ಮಧ್ಯ ಹಾರ್ನಿಗೆ ಮೇಣದಂಥ ಪುಟ್ಟಿ ಬಳಿಯುವುದು ಜನಪ್ರಿಯ ಚಿಕಿತ್ಸೆ. ಉಗುರಿನಿಂದ ತಟ್ಟಿದರೆ ಟಿಣ್ ಎನ್ನುತ್ತಿದ್ದದ್ದು ಬಳಿದ ಮೇಲೆ ಟಪ್ ಎನ್ನುತ್ತದೆ. ತೃಪ್ತಿಯೇನೋ ಸಿಗುತ್ತದೆ, ಆದರೆ ತಂಬೂರಿಯ ಮೂಗುದನಿ ಹೋಗುವುದಿಲ್ಲ. ಏಕೆಂದರೆ ಅದರ ಬಹುಪಾಲು ಬರುವುದು ಲೋಹದಿಂದಲ್ಲ, ಹಾರ್ನಿನ ಆಕಾರದಿಂದ. ಅದನ್ನು ನಿಜಕ್ಕೂ ಸರಿಪಡಿಸಬೇಕೆಂದರೆ ಹಾರ್ನನ್ನೇ ಬದಲಿಸಬೇಕು. ಟ್ರ್ಯಾಕ್ಟ್ರಿಕ್ಸ್ ವಕ್ರದ ಮರದ ಹಾರ್ನು ಹಾಕಿ ಕೇಳಿದವರು ಮರಳಿ ಹೋಗುವುದು ಅಪರೂಪ. ನಾನು ಇದನ್ನು ವಿರೋಧಿಸುವುದಿಲ್ಲ. ಕ್ರಾಸ್‌ಓವರನ್ನೂ ಅದಕ್ಕೆ ತಕ್ಕಂತೆ ಅಳೆದು ಹೊಂದಿಸಬೇಕು, ಮೂಲ ಹಾರ್ನನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿರಬೇಕು, ಅಷ್ಟೇ. ಟ್ವೀಟರು ಸುಟ್ಟಿದ್ದರೆ ಬದಲಿಸಿ, ಅದಕ್ಕೆ ಭಾವುಕತೆ ಬೇಡ. ವೂಫರನ್ನು ಮಾತ್ರ ಮುಟ್ಟಬೇಡಿ. ಅದರ ಅಂಚು ಬಟ್ಟೆಯ ಮಡಿಕೆಯದು, ಆ ಕಾಲದ ಎಷ್ಟೋ ಸ್ಪೀಕರುಗಳ ಫೋಮ್ ಅಂಚಿನಂತೆ ಪುಡಿಯಾಗಿ ಉದುರುವುದಿಲ್ಲ.

ಆಂಪ್ಲಿಫೈಯರಿನ ವಿಷಯ ಎರಡೇ ಮಾತು. ಇಷ್ಟು ಸೂಕ್ಷ್ಮ ಸ್ಪೀಕರಿನಲ್ಲಿ ಆಂಪಿನ ಗುಂಯ್‌ಗುಡುವಿಕೆ, ಹಿಸ್ ಸದ್ದು ಎಲ್ಲವೂ ಕುರ್ಚಿಯವರೆಗೆ ಬರುತ್ತದೆ. ಹಾಗಾಗಿ ನೂರು ವ್ಯಾಟಿನದಕ್ಕಿಂತ ಮೊದಲ ಒಂದು ವ್ಯಾಟು ಶುದ್ಧವಾಗಿರುವ, ನಿಶ್ಶಬ್ದವಾದ ಹತ್ತು ವ್ಯಾಟಿನದು ಮೇಲು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಒಂದು ಮೂಲೆಯಲ್ಲಿ ಬಾಲ್ಕನಿಯ ಜಾರುಬಾಗಿಲು, ಇನ್ನೊಂದರಲ್ಲಿ ಅಡುಗೆಮನೆಯ ದಾರಿ ಇರುತ್ತದೆ. ಅಂಥಲ್ಲಿಗೆ ಕ್ಲಿಪ್ಶ್‌ಹಾರ್ನ್ ತರಿಸುವುದು ಅದಕ್ಕೆ ಮಾಡುವ ಅನ್ಯಾಯ. ಅಲ್ಲಿ ನಾನು ಆರಿಸುವುದು ಅದೇ ಕಂಪನಿಯಿಂದ 1963ರಲ್ಲಿ ಬಂದ ಲಾ ಸ್ಕಾಲಾವನ್ನು. ಎರಡಡಿ ಅಗಲ, ಸುಮಾರು ಮೂರಡಿ ಎತ್ತರದ ಪೆಟ್ಟಿಗೆ. ಅರ್ಕನ್ಸಾದ ಚುನಾವಣಾ ಪ್ರಚಾರದಲ್ಲಿ ಅಭ್ಯರ್ಥಿ ವಿನ್‌ಥ್ರಾಪ್ ರಾಕ್‌ಫೆಲರ್ ಅವರ ಭಾಷಣಗಳಿಗೆ ಒದಗಿದ ಸ್ಪೀಕರು ಅದು. ಮೂಲೆ ಬೇಡ. 50 ಹರ್ಟ್ಸ್‌ಗಿಂತ ಕೆಳಗೆ ಬಾಸ್ ಇಲ್ಲ, ಆದರೆ ದನಿ, ವೀಣೆ, ಪಿಟೀಲು, ಮೃದಂಗಕ್ಕೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಅದರ ನಿಜವಾದ ದೋಷ ಬಾಸ್ ಹಾರ್ನಿನ ಎರಡು ಬದಿಯ ತೆಳು ಪ್ಲೈವುಡ್ ಗೋಡೆ. ಜೋರು ಪೆಟ್ಟಿಗೆ ಅಂಗೈಗೆ ತಿಳಿಯುವಷ್ಟು ಕಂಪಿಸುತ್ತದೆ. 2006ರ ಲಾ ಸ್ಕಾಲಾ 2ರಲ್ಲಿ ಕಂಪನಿಯೇ ಒಂದಿಂಚು ದಪ್ಪದ ಎಂಡಿಎಫ್ ಹಾಕಿ ಈ ದೋಷವನ್ನು ಒಪ್ಪಿಕೊಂಡಿತು. ಹಳೆಯದಕ್ಕಾದರೆ ಒಳಗಿನ ಪೆಟ್ಟಿಗೆಗೂ ಹೊರಗಿನ ಗೋಡೆಗೂ ನಡುವೆ ಒಂದೊಂದು ಮರದ ಅಡ್ಡಪಟ್ಟಿ ಬಿಗಿಯಾಗಿ ಕೂರಿಸಿ. ಒಳ್ಳೆಯ ಬಡಗಿಗೆ ಅರ್ಧ ದಿನದ ಕೆಲಸ, ಅಂಟು ಒಣಗಲು ಇನ್ನೊಂದು ರಾತ್ರಿ.