ತದಿಗೆಯ ಚಂದ್ರನಲ್ಲಿ ಆಫ್ರಿಕಾದ ಮಧ್ಯಾಹ್ನ

ಹುಣ್ಣಿಮೆಯ ಚಂದ್ರನನ್ನು ಎಲ್ಲರೂ ನೋಡುತ್ತಾರೆ. ಆಕಾಶ ನೋಡುವ ಹುಚ್ಚಿದ್ದವರು ಬಿದಿಗೆ, ತದಿಗೆ, ಚೌತಿಯ ಸಂಜೆಗಳನ್ನು ತಪ್ಪಿಸಬಾರದು. ಮಳೆಗಾಲ ಕಳೆದ ನಮ್ಮೂರು ಬೆಟ್ಟಂಪಾಡಿಯಲ್ಲಿ ಪಡುವಣದ ಆಕಾಶ ತಿಳಿಯಾದಾಗ, ಹೊಳೆಯುವ ಕೊಂಬಿನ ಪಕ್ಕದಲ್ಲಿ ಚಂದ್ರನ ಉಳಿದ ಭಾಗವೂ ಮಂಕಾಗಿ, ಬೂದುಬಣ್ಣದಲ್ಲಿ ಕಾಣುತ್ತದೆ. ಅದು ಭೂಬೆಳಕು. ಸೂರ್ಯನ ಬಿಸಿಲು ಭೂಮಿಗೆ ಬಡಿದು, ಚಂದ್ರನನ್ನು ಮುಟ್ಟಿ, ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಲಿಯೊನಾರ್ಡೊ ದ ವಿಂಚಿ ಸುಮಾರು 500 ವರ್ಷಗಳ ಹಿಂದೆಯೇ ಇದನ್ನು ಗುರುತಿಸಿದ್ದ. ಸಮುದ್ರವೇ ಹೊಳೆಯುತ್ತದೆಂದು ಅವನು ಎಣಿಸಿದ್ದ. ನಿಜಕ್ಕೂ ಹೆಚ್ಚು ಹೊಳೆಯುವುದು ಮೋಡ.

ಅದು ಎಲ್ಲಿಯ ಬಿಸಿಲು? ನಮ್ಮಲ್ಲಿ ಸಂಜೆ ಏಳಾದಾಗ ಚಂದ್ರನ ಎದುರಿಗಿರುವ ಹಗಲು ಆಫ್ರಿಕಾ, ಯುರೋಪ್ ಮತ್ತು ಅಟ್ಲಾಂಟಿಕ್ ಸಾಗರದ್ದು. ಸಹಾರಾದ ಮರಳು, ಕಾಂಗೋ ಕಾಡಿನ ಮೇಲಿನ ಮೋಡ ಆ ಮಂಕು ಬಿಂಬದಲ್ಲಿ ಬೆರೆತಿರುತ್ತವೆ. ನಮ್ಮ ಅಡಿಕೆ ತೋಟ, ಘಟ್ಟದ ಕಾಡು, ಮುಂಗಾರಿನ ಮೋಡಗಳ ಪಾಲು ಕಾಣುವುದು ಜಪಾನ್, ಆಸ್ಟ್ರೇಲಿಯಾದವರ ಸಂಜೆಗೆ. ಆಗ ನಮ್ಮಲ್ಲಿ ನಡುಮಧ್ಯಾಹ್ನ ಕಳೆದಿರುತ್ತದೆ.

ಈ ಬೆಳಕು ವಿಜ್ಞಾನಿಗಳಿಗೆ ಅಳತೆಗೋಲು. ಫ್ರಾನ್ಸಿನ ಆಂದ್ರೆ ದಾಂಜೋ 1920ರ ದಶಕದಲ್ಲಿ ಅದನ್ನು ಕ್ರಮಬದ್ಧವಾಗಿ ಅಳೆಯತೊಡಗಿದರು. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ವೀಕ್ಷಣಾಲಯದ 1998ರಿಂದ 2017ರವರೆಗಿನ ಅಳತೆಯ ಪ್ರಕಾರ, ಭೂಮಿ ಹಿಂದಿರುಗಿಸುವ ಬೆಳಕು ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ವಾಟ್‌ನಷ್ಟು ಇಳಿದಿದೆ. ಅಷ್ಟು ಹೆಚ್ಚು ಬಿಸಿಲನ್ನು ಭೂಮಿ ಹೀರಿಕೊಂಡಿತು.

ಕರ್ನಾಟಕವೂ ಈ ಕೆಲಸದಲ್ಲಿದೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ರೂಪಿಸಿದ ‘ಶೇಪ್’ ಉಪಕರಣ 2023ರ ಜುಲೈ 14ರಂದು ಚಂದ್ರಯಾನ-3ರ ನೋದನ ಘಟಕದಲ್ಲಿ ಹೊರಟಿತು. ಚಂದ್ರನ ಸುತ್ತ ತಿರುಗುತ್ತ ಅದು ಭೂಮಿಯ ಬೆಳಕನ್ನು ಸಮೀಪದ ಅವಕೆಂಪಿನಲ್ಲಿ ನೇರವಾಗಿ ಓದಿತು. ದೂರದ ಗ್ರಹಗಳಲ್ಲಿ ಜೀವವಿದೆಯೇ ಎಂದು ತಿಳಿಯಬೇಕಾದರೆ, ಜೀವವಿರುವ ಗ್ರಹದ ಬೆಳಕು ಹೇಗಿರುತ್ತದೆಂದು ಮೊದಲು ಗೊತ್ತಿರಬೇಕಲ್ಲ.

ನೋಡುವ ಕ್ರಮ ಸುಲಭ. ಹೊಳೆಯುವ ಕೊಂಬನ್ನು ಅಡಿಕೆ ಮರದ ಕಾಂಡದ ಹಿಂದೆ ಮರೆಮಾಡಿ, ಕಣ್ಣು ಕತ್ತಲೆಗೆ ಒಗ್ಗಲಿ. ಬೈನಾಕ್ಯುಲರ್ ಇದ್ದರೆ ಮಂಕು ಭಾಗದಲ್ಲಿ ಅರಿಸ್ಟಾರ್ಕಸ್ ಕುಳಿಯ ಬಿಳಿ ಚುಕ್ಕೆಯನ್ನು ಹುಡುಕಿ. 1787ರಲ್ಲಿ ವಿಲಿಯಂ ಹರ್ಷೆಲ್ ಬಹುಶಃ ಅದನ್ನೇ ಜ್ವಾಲಾಮುಖಿ ಎಂದುಕೊಂಡಿದ್ದರು. ಕೃಷ್ಣಪಕ್ಷದ ದ್ವಾದಶಿ, ತ್ರಯೋದಶಿಯ ಮುಂಜಾವಿನಲ್ಲೂ ಏಳಿ. ಆಗ ಕಾಣುವುದು ಪೆಸಿಫಿಕ್ ಸಾಗರದ ಹಗಲು. ಎರಡರ ಹೊಳಪನ್ನೂ ತಿಂಗಳು ತಿಂಗಳು ಹೋಲಿಸಿ ಬರೆದಿಡಿ.